ನಿದ್ದೆಗೆ ಫೆಬ್ರವರಿ 10ರ ತನಕ ವಿನಾಯಿತಿ

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಒಂದು ರಿಸೆಪ್ಶನ್ ಆಯಿತು. ಹಾಲ್ ಬುಕ್ ಆಗಿತ್ತು, ಊಟ ತಯಾರಿತ್ತು, ನೆಂಟರು ಬಂದು ಕೂತಿದ್ದರು. ಮದುಮಕ್ಕಳು ಮಾತ್ರ ಭುವನೇಶ್ವರದಲ್ಲಿದ್ದರು. ಅವರ ವಿಮಾನ ರದ್ದಾಗಿತ್ತು. ಕೊನೆಗೆ ಹುಡುಗಿಯ ತಂದೆ ತಾಯಿ ಆ ಎರಡು ಕುರ್ಚಿಗಳಲ್ಲಿ ಕೂತರು. ಮದುಮಕ್ಕಳು ಸಿಂಗಾರ ಮಾಡಿಕೊಂಡು ಪರದೆ ಮೇಲೆ ಬಂದರು. ಇಡೀ ದೇಶವೇ ಟಿವಿಯಲ್ಲಿ ಅದನ್ನು ನೋಡಿ ಅಯ್ಯೋ ಅಂದಿತು.

ಯಾಕೆ ಹೀಗಾಯಿತು ಅಂತ ಕೇಳಿದರೆ ವಿಮಾನ ಕಂಪನಿ ಇಂಡಿಗೊ ಒಂದು ಪಟ್ಟಿ ಓದಿತು. ಸಣ್ಣಪುಟ್ಟ ತಾಂತ್ರಿಕ ತೊಂದರೆ, ಚಳಿಗಾಲದ ವೇಳಾಪಟ್ಟಿ, ಹವಾಮಾನ, ದಟ್ಟಣೆ. ಪಟ್ಟಿಯ ತುದಿಯಲ್ಲಿ, ಮರೆತುಹೋಗಿದ್ದು ಈಗ ನೆನಪಾಯಿತು ಅನ್ನುವ ಹಾಗೆ, ಸಿಬ್ಬಂದಿ ಡ್ಯೂಟಿಯ ಹೊಸ ನಿಯಮ. ಅಂದರೆ ಪೈಲಟ್‌ಗಳಿಗೆ ಸ್ವಲ್ಪ ಜಾಸ್ತಿ ನಿದ್ದೆ ಕೊಡಬೇಕು ಅಂತ ಸರ್ಕಾರ ಹೇಳಿತ್ತು.

ಈ ನಿಯಮ ರಾತ್ರೋರಾತ್ರಿ ಬಂದದ್ದಲ್ಲ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಇದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಬೇಕು. ರಾತ್ರಿ ಅನ್ನೋದು ಬೆಳಗಿನ 5ಕ್ಕೆ ಮುಗಿಯದೆ 6ರ ತನಕ ಇರಬೇಕು. ರಾತ್ರಿ ಲ್ಯಾಂಡಿಂಗ್‌ಗಳ ಸಂಖ್ಯೆ 6ರಿಂದ 2ಕ್ಕೆ ಇಳಿಯಬೇಕು. ಆ ವರ್ಷದ ಜೂನ್‌ನಲ್ಲೇ ಜಾರಿ ಅಂದರು. ಕಂಪನಿಗಳು ಕಷ್ಟ ಅಂದವು. ಮುಂದೂಡಿದರು. ಪೈಲಟ್‌ಗಳ ಸಂಘಗಳು ದಿಲ್ಲಿ ಹೈಕೋರ್ಟಿಗೆ ಹೋದವು. ಆಮೇಲೆ ಅರ್ಧ ನಿಯಮ 2025ರ ಜುಲೈನಲ್ಲಿ, ಉಳಿದದ್ದು ನವೆಂಬರ್‌ನಲ್ಲಿ ಅಂತ ತೀರ್ಮಾನವಾಯಿತು. ಹೆಚ್ಚುಕಮ್ಮಿ ಎರಡು ವರ್ಷ ಮೊದಲೇ ಪತ್ರ ಬರೆದು, ಎರಡು ಸಲ ತಾರೀಕು ಬದಲಿಸಿ, ಕಡೆಗೆ ಬಾಗಿಲು ತಟ್ಟಿದ ನೆಂಟನನ್ನು ನೋಡಿ ಮನೆಯವರು "ಅಯ್ಯೋ, ಹೇಳದೆ ಕೇಳದೆ ಬಂದುಬಿಟ್ಟರಲ್ಲ" ಅಂದ ಹಾಗಾಯಿತು.

ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಒಂದೇ ಕಂಪನಿ ಹಾರಿಸುತ್ತಿರುವಾಗ ಸರ್ಕಾರ ತಾನೇ ಏನು ಮಾಡೀತು? ತಪ್ಪು ಹುಡುಕಿತು. ಸಿಕ್ಕಿತು. ತಪ್ಪು ನಿದ್ದೆಯದು. ರಾತ್ರಿ ಡ್ಯೂಟಿಯ ಮಿತಿಗಳಿಂದ ಆ ಕಂಪನಿಗೆ 2026ರ ಫೆಬ್ರವರಿ 10ರ ತನಕ ವಿನಾಯಿತಿ ಕೊಟ್ಟಿತು. ರಜೆಯನ್ನು ವಾರದ ವಿಶ್ರಾಂತಿ ಅಂತ ಲೆಕ್ಕ ಹಾಕಬಾರದು ಅನ್ನುವ ಸಾಲನ್ನು ಎಲ್ಲ ಕಂಪನಿಗಳಿಗೂ ಸೇರಿಸಿ ಅಳಿಸಿತು. ಜೊತೆಗೆ, ಪೈಲಟ್‌ಗಳೇ ದಯವಿಟ್ಟು ಸಹಕರಿಸಿ ಅಂತ ಒಂದು ಮನವಿ. ಟಿಕೆಟ್ ದರಕ್ಕೂ ಮಿತಿ ಹಾಕಿದರು, 500 ಕಿಲೋಮೀಟರ್ ಒಳಗೆ 7,500 ರೂಪಾಯಿ ಅಂತ. ಈ ಮಿತಿಗೆ ಹೈಕೋರ್ಟ್ ಬೇಕಾಗಲಿಲ್ಲ, ಒಂದೇ ದಿನದಲ್ಲಿ ಬಂತು.

ನಮ್ಮ ಓಣಿಯಲ್ಲಿ ಪೈಲಟ್ ಆಗಲು ಓದುತ್ತಿರುವ ಹುಡುಗ ಒಬ್ಬನಿದ್ದಾನೆ. ಅಪ್ಪನ ಹೊಲದ ಮೇಲೆ ಸಾಲ ತೆಗೆದು ಓದುತ್ತಿದ್ದಾನೆ. ಅವನಿಂದ ನನಗೆ ಒಂದು ಒಳ್ಳೆಯ ವಿಷಯ ತಿಳಿಯಿತು. ವಿಮಾನದಲ್ಲಿ ಏನಾದರೂ ಕೆಟ್ಟರೆ, ಕೆಟ್ಟದ್ದನ್ನು ಇಟ್ಟುಕೊಂಡೇ ಹಾರಬಹುದಾ, ಎಷ್ಟು ದಿನ ಹಾರಬಹುದು ಅನ್ನೋದಕ್ಕೆ ಒಂದು ಪುಸ್ತಕ ಇರುತ್ತದಂತೆ. ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್ ಅಂತ ಅದರ ಹೆಸರು. ಬಿ ದರ್ಜೆಯ ವಸ್ತುವಾದರೆ 3 ದಿನದಲ್ಲಿ ರಿಪೇರಿ ಮಾಡಬೇಕು. ಸಿ ಆದರೆ 10 ದಿನ. ಡಿ ಆದರೆ 120 ದಿನ. ಪುಸ್ತಕದಲ್ಲಿ ಇಲ್ಲದ, ಸುರಕ್ಷತೆಗೆ ಬೇಕಾದ ವಸ್ತು ಕೆಟ್ಟರೆ ವಿಮಾನ ಏಳುವ ಹಾಗೇ ಇಲ್ಲ.

ನಾನು ಲೆಕ್ಕ ಹಾಕಿದೆ. ಡಿಸೆಂಬರ್ 5ರಿಂದ ಫೆಬ್ರವರಿ 10ರ ತನಕ 67 ದಿನ. ಅಂದರೆ ಪೈಲಟ್‌ನ ನಿದ್ದೆ ಸಿ ದರ್ಜೆಗಿಂತ ಕೆಳಗೆ, ಡಿ ದರ್ಜೆಗಿಂತ ಸ್ವಲ್ಪ ಮೇಲೆ. ಅದಕ್ಕೆಂದೇ ಒಂದು ಹೊಸ ದರ್ಜೆ ಮಾಡಬೇಕು. ಪುಸ್ತಕದಲ್ಲಿ ವಿದ್ಯುತ್ತಿಗೆ 24ನೇ ಅಧ್ಯಾಯ, ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ಸ್‌ಗೆ 29, ಗಾಲಿಗಳಿಗೆ 32. ಕಣ್ಣು ರೆಪ್ಪೆಗೂ ಒಂದು ನಂಬರ್ ಕೊಟ್ಟುಬಿಡಲಿ. ಎಡಗಡೆ ರೆಪ್ಪೆ ಕೆಲಸ ಮಾಡದಿದ್ದರೆ ಬಲಗಡೆಯದು ಸರಿ ಇದೆಯೇ ಅಂತ ನೋಡಿಕೊಂಡು, ಕಾಕ್‌ಪಿಟ್‌ನಲ್ಲಿ ಒಂದು ಸ್ಟಿಕರ್ ಅಂಟಿಸಿ ಹೊರಡಬಹುದು. ಹಗಲು ಹೊತ್ತು ಮಾತ್ರ, ಮೋಡ ಇರಬಾರದು.

ಎಲ್ಲ ನಿಯಮಗಳೂ ಹೀಗೆ ಮೆತ್ತಗೆ ಅಂತ ತಿಳಿಯಬೇಡಿ. ಪೈಲಟ್ ಕೆಲಸ ಬಿಡಬೇಕಾದರೆ ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಗೊತ್ತಾ? ಕೋ ಪೈಲಟ್ 6 ತಿಂಗಳು, ಕ್ಯಾಪ್ಟನ್ ಪೂರ್ತಿ ಒಂದು ವರ್ಷ. ಇದನ್ನೂ ಅದೇ ಡಿಜಿಸಿಎ ಬರೆದದ್ದು, 2017ರಲ್ಲಿ. ಪೈಲಟ್‌ಗಳು ಇದನ್ನು ಬಯ್ಯುತ್ತಲೇ ಇದ್ದಾರೆ. ಅಷ್ಟೆಲ್ಲ ಗಲಾಟೆಯಲ್ಲೂ ಇದಕ್ಕೆ ಫೆಬ್ರವರಿ 10ರ ತನಕ ವಿನಾಯಿತಿ ಸಿಗಲಿಲ್ಲ. ಸಿಕ್ಕಿದ್ದರೆ ಹುಬ್ಬಳ್ಳಿಗೆ ವಿಮಾನ ತರಲು ಯಾರು ಉಳಿಯುತ್ತಿದ್ದರು, ಅದೂ ಒಂದು ಪ್ರಶ್ನೆ. ಇನ್ನು ಕಂಪನಿಯ ಮೇಲೆ ಕಣ್ಣಿಡಬೇಕಿದ್ದ ನಾಲ್ವರು ಇನ್‌ಸ್ಪೆಕ್ಟರ್‌ಗಳನ್ನು ಮನೆಗೆ ಕಳಿಸಿದರು. ಆ ಇಡೀ ಡಿಸೆಂಬರ್‌ನಲ್ಲಿ ಚೆನ್ನಾಗಿ ನಿದ್ದೆ ಮಾಡಿದವರು ಆ ನಾಲ್ವರೇ ಇರಬೇಕು.

ಇದನ್ನೆಲ್ಲ ಕೇಳಿ ನಕ್ಕವರು ನಮ್ಮ ಪಕ್ಕದ ಮನೆಯ ರೈಲ್ವೆ ಕಾಕಾ. ಲೊಕೊ ಪೈಲಟ್, ಅಂದರೆ ರೈಲು ಓಡಿಸುವವರು, ಆಗಿ ನಿವೃತ್ತರಾದವರು. ರಾತ್ರಿ ಎರಡು ಗಂಟೆಗೆ ಇವತ್ತಿಗೂ ಅವರಿಗೆ ತಾನಾಗಿಯೇ ಎಚ್ಚರವಾಗುತ್ತದೆ.

"ತಮ್ಮಾ, ವಿಮಾನದವ್ರು ಪುಣ್ಯವಂತರು. ಅವರ ನಿದ್ದಿ ಕಿತ್ಕೊಂಡ್ರ ಸುದ್ದಿರ ಆಗ್ತದ. ನಮ್ಮದನ್ನ ಯಾವಾಗ ಕೊಟ್ಟಿದ್ರು ಕಿತ್ಕೊಳ್ಳಾಕ?"

ಅವರ ಮಾತಿನಲ್ಲಿ ಹುರುಳಿದೆ. ಲೊಕೊ ಪೈಲಟ್‌ಗಳು ಸತತ ನಾಲ್ಕು ರಾತ್ರಿ ಡ್ಯೂಟಿ ಬೇಡ, ಎರಡಕ್ಕೆ ಇಳಿಸಿ ಅಂತ ವರ್ಷಗಳಿಂದ ಕೇಳುತ್ತಿದ್ದಾರೆ. ಹುಬ್ಬಳ್ಳಿಗೆ ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಬಂತು, 1,507 ಮೀಟರ್. "ಮಲಗಾಕ ಜಾಗಾ ಬೇಕಾದಷ್ಟು ಮಾಡ್ಯಾರ, ಟೈಮ್ ಒಂದ ಕೊಟ್ಟಿಲ್ಲ" ಅಂತ ಕಾಕಾ ಹೇಳುತ್ತಾರೆ. ಅವರಿಗೆ ಈ ಸಾಲು ಬಹಳ ಇಷ್ಟ, ಬಂದವರಿಗೆಲ್ಲ ಹೇಳುತ್ತಾರೆ.

ಮತ್ತೆ ಹುಡುಗನ ಓದಿನ ವಿಷಯ. ಹಳೆಯ ಕಾಲದಲ್ಲಿ ಪೈಲಟ್‌ಗಳಿಗೆ ಕ್ಲಾಸ್‌ರೂಮಿನಲ್ಲಿ ಕೂರಿಸಿ ವಾರಗಟ್ಟಲೆ ಪಾಠ ಮಾಡುತ್ತಿದ್ದರು. ಯಾವ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಅಂತ ಬೋರ್ಡ್ ಮೇಲೆ ಬರೆದು ತೋರಿಸಬೇಕಿತ್ತು. ಈಗ ಟ್ಯಾಬ್ಲೆಟ್ ಕೊಡುತ್ತಾರೆ. ಏರ್‌ಬಸ್ 320ರಲ್ಲಿ ಹಸಿರು, ನೀಲಿ, ಹಳದಿ ಅಂತ ಮೂರು ಹೈಡ್ರಾಲಿಕ್ ವ್ಯವಸ್ಥೆಗಳು. ಹಳದಿ ಕೈಕೊಟ್ಟರೆ ಏನು ಮಾಡಬೇಕು ಅಂತ ಪರದೆಯೇ ಸಾಲುಸಾಲಾಗಿ ಹೇಳುತ್ತದೆ. ಮೇಲೆ ಹಾರುವಾಗ ಇಳಿದು ಹೋಗಿ ಪೈಪು ರಿಪೇರಿ ಮಾಡೋಕೆ ಆಗಲ್ಲ, ಹಾಗಾಗಿ ಒಳಗಿನ ವಾಲ್ವ್ ಎಲ್ಲ ಯಾಕೆ ಕಲಿಯಬೇಕು ಅನ್ನುವ ಪೈಲಟ್‌ಗಳೂ ಇದ್ದಾರೆ. ಪರದೆ ಸುಳ್ಳು ಹೇಳಿದ ದಿನ ಏನು ಮಾಡ್ತೀಯಪ್ಪ ಅಂತ ಕೇಳುವ ಹಿರಿಯ ಕ್ಯಾಪ್ಟನ್‌ಗಳೂ ಇದ್ದಾರೆ. ನನಗೆ ಕೇಳಿದರೆ ನಾನು ಹಿರಿಯರ ಕಡೆ.

ಯಾಕೆ ಅಂದರೆ ಆ ದಿನ ಬಂದಿತ್ತು. ಬೋಯಿಂಗ್ 737 ಮ್ಯಾಕ್ಸ್ ತಂದಾಗ, ಹಳೆಯ 737 ಗೊತ್ತಿದ್ದವರಿಗೆ ಟ್ಯಾಬ್ಲೆಟ್ ಮೇಲೆ ಒಂದೆರಡು ಗಂಟೆಯ ಪಾಠ ಸಾಕು ಅಂದರು. ನಕಲಿ ಕಾಕ್‌ಪಿಟ್‌ನಲ್ಲಿ ಕೂರಿಸಿ ಕಲಿಸುವ ಸಿಮ್ಯುಲೇಟರ್ ತರಬೇತಿ ಬೇಕಾಗಿ ಬಂದರೆ ಒಂದೊಂದು ವಿಮಾನಕ್ಕೆ ಹತ್ತು ಲಕ್ಷ ಡಾಲರ್ ಕಡಿಮೆ ಮಾಡ್ತೀವಿ ಅಂತ ಒಂದು ಗಿರಾಕಿಗೆ ಮಾತೂ ಕೊಟ್ಟಿದ್ದರು. ವಿಮಾನದ ಮೂತಿಯನ್ನು ತಾನಾಗಿಯೇ ಕೆಳಕ್ಕೆ ತಳ್ಳುವ ಒಂದು ಸಾಫ್ಟ್‌ವೇರ್ ಅದರಲ್ಲಿತ್ತು. ಅದು ಒಂದೇ ಒಂದು ಸೆನ್ಸರ್ ನಂಬಿಕೊಂಡಿತ್ತು. ಅದು ಇದೆ ಅಂತ ಪೈಲಟ್‌ಗಳ ಪುಸ್ತಕದಲ್ಲಿ ಹೇಳಿರಲಿಲ್ಲ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಎರಡು ವಿಮಾನ ಬಿದ್ದು 346 ಜನ ಸತ್ತರು. ಆ ವಿಮಾನವನ್ನು ಪರಿಶೀಲಿಸುವ ಕೆಲಸದಲ್ಲಿ ಎಷ್ಟೋ ಭಾಗವನ್ನು ಅಮೆರಿಕದ ಸರ್ಕಾರ ಬೋಯಿಂಗ್ ನೌಕರರಿಗೇ ವಹಿಸಿತ್ತು. ಪೇಪರ್ ಬರೆದವನೇ ಪೇಪರ್ ತಿದ್ದುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಅಂತ ನಾನು ಸುಮ್ನೆ ಬೇಜಾರು ಮಾಡಿಕೊಂಡಿದ್ದೆ.

ನಮ್ಮ ಹುಡುಗನಿಗೆ ಇವೆಲ್ಲ ಗೊತ್ತು. ಆದರೆ ಅವನ ಚಿಂತೆ ಬೇರೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ನೂರಕ್ಕೆ 70 ಅಂಕ ಬೇಕು. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕುವ ಪರೀಕ್ಷೆ. ಹಳೆಯ ಪ್ರಶ್ನೆಗಳನ್ನು ಉರು ಹೊಡೆದರೆ ಬಹುಪಾಲು ಪಾಸಾಗಬಹುದಂತೆ. ಏರ್ ನ್ಯಾವಿಗೇಶನ್, ಹವಾಮಾನ, ಟೆಕ್ನಿಕಲ್ ಎಲ್ಲ ಒಂದು ಹಂತಕ್ಕೆ ಬಂದಿವೆ. ಏರ್ ರೆಗ್ಯುಲೇಶನ್ಸ್, ಅಂದರೆ ವಿಮಾನಯಾನದ ನಿಯಮಗಳು, ಒಂದೇ ತಲೆಯಲ್ಲಿ ಕೂರುತ್ತಿಲ್ಲ. ಮೊನ್ನೆ ಕಟ್ಟೆ ಮೇಲೆ ಪುಸ್ತಕ ಹಿಡಿದು ತಲೆ ಕೆರೆದುಕೊಳ್ಳುತ್ತಾ ಕೂತಿದ್ದ.

"ಯಾಕೋ, ಏನಾತು?" ಅಂದೆ.

"ಪೈಲಟ್‌ಗೆ ವಾರದ ವಿಶ್ರಾಂತಿ ಎಷ್ಟು ಅಂತ ಒಂದು ಪ್ರಶ್ನಿ ಅದ ಮಾಮಾ. 36, 48, ರಜಾ ಸೇರಿಸಿ 48, ಕಂಪನಿ ಕೇಳಿದಷ್ಟು. ನಾಲ್ಕೂ ಸರಿ ಅನಸ್ತಾವ."

ಕಾಕಾ ಒಳಗಿನಿಂದಲೇ ಕೂಗಿದರು: "ಐದನೇದೊಂದು ಬರ್ಕೋ, ರಿಟೈರ್ ಆದ ಮ್ಯಾಲೆ."

"ಖರೇ ಉತ್ತರ ಯಾವುದೋ?" ಅಂತ ನಾನು ಬಿಡದೆ ಕೇಳಿದೆ.

"ಅದು ಪರೀಕ್ಷಾ ಯಾವ ತಾರೀಖಿಗೆ ಬರ್ತದ ಅನ್ನೋದರ ಮ್ಯಾಲೆ ಮಾಮಾ."