ಉತ್ತರವೊಂದನ್ನು ಬಿಟ್ಟು ಮಿಕ್ಕೆಲ್ಲ

ಬೇಸಿಗೆಯ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಕೇಳುತ್ತಾರೆ: ‘ಟ್ಯಾಂಕರ್ ಬಂತೇ?’ ಬಂತು ಅಥವಾ ಇಲ್ಲ ಎಂದರೆ ಮುಗಿಯುವ ಪ್ರಶ್ನೆ. ಆದರೆ ಯಾರಾದರೂ ಥಟ್ಟನೆ ಹಾಗೆ ಉತ್ತರಿಸಿಬಿಟ್ಟರೆ, ಅವರು ಹೊಸದಾಗಿ ಬಾಡಿಗೆಗೆ ಬಂದವರೆಂದೇ ತಿಳಿಯಬೇಕು. ಹಳಬರಿಗೆ ಕ್ರಮ ಗೊತ್ತಿದೆ. ಮೊದಲು ಸೂರ್ಯಕಾಂತಿ ಹೂವಿನ ಮೇಲೊಂದು ಶುಭೋದಯ. ಅದರ ಹಿಂದೆಯೇ ಕೈ ಮುಗಿದ ಎಮೋಜಿ. ಮುಗಿದದ್ದು ಹೂವಿಗೋ ಟ್ಯಾಂಕರಿಗೋ ಎಂದು ಕೇಳಬಾರದು. ಆಮೇಲೆ ‘ನಮ್ಮದೂ ಇದೇ ಪ್ರಶ್ನೆ’ ಎನ್ನುವ ನಾಲ್ಕು ಮನೆಯವರು. ಕೊನೆಗೆ, ಮೆಂತ್ಯ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದೆ ಎಂಬ ಜೋಡಿ ಬಾಣದ ಫಾರ್ವರ್ಡ್. ಅದೂ ನೀರಿನ ವಿಷಯವೇ ತಾನೇ!

ಶಿಷ್ಟಾಚಾರವನ್ನು ಯಾರೂ ಬರೆದಿಟ್ಟಿರಲಿಲ್ಲ ಎನ್ನುವಂತಿಲ್ಲ. ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿ 1995ರ ಅಕ್ಟೋಬರಿನಲ್ಲೇ ಹೊರಬಂತು. ಸಿಟ್ಟಿನ ಉತ್ತರವಾದರೆ ಒಂದು ರಾತ್ರಿ ತಡೆದು ಕಳುಹಿಸಿ ಎನ್ನುತ್ತದೆ ಅದು. ಆ ತಾಯಿಗೆ ಪಾರ್ಕಿಂಗ್ ಜಗಳದ ಅನುಭವ ಸಾಲದು. ರಾತ್ರಿ ಕಳೆಯುವಷ್ಟರಲ್ಲಿ ಕಾರಿನವನು ಕಾರು ತೆಗೆದುಕೊಂಡು ಹೋಗಿರುತ್ತಾನೆ. ಆಮೇಲೆ ಬೈಯುವುದು ಯಾರನ್ನು?

ಸಂದೇಶವನ್ನು ಬಲಕ್ಕೆ ಎಳೆದರೆ ಯಾರ ಮಾತಿಗೆ ಉತ್ತರಿಸುತ್ತಿದ್ದೇವೆ ಎಂಬುದು ಕಾಣುತ್ತದೆ. ಅದನ್ನು ಬಳಸುವವರು ಪುಕ್ಕಲರು. ಎರಡನೇ ಮಹಡಿಯ ಹಿರಿಯರು ತೀರಿಕೊಂಡ ಸುದ್ದಿಯ ಬೆನ್ನಿಗೇ ಮೂರನೇ ಮಹಡಿಯ ಹುಡುಗಿಯ ಪಿಯುಸಿ ಅಂಕಗಳು ಬಂದಾಗ ಧೈರ್ಯವಂತರು ‘ಹೀಗೇ ಮುಂದುವರಿಯಲಿ’ ಎಂದು ಬರೆದು ಫೋನ್ ಪಕ್ಕಕ್ಕಿಡುತ್ತಾರೆ. ಯಾವುದು ಯಾರಿಗೆ ಎಂಬುದನ್ನು ದೇವರು ವಿಂಗಡಿಸಿಕೊಳ್ಳುತ್ತಾನೆ. ಓದಿ ಉತ್ತರಿಸುವುದಂತೂ ಸಮಯದ ದುಂದುವೆಚ್ಚ. ‘ಬಿ ಬ್ಲಾಕಿನ ಲಿಫ್ಟ್ ಮತ್ತೆ ಸತ್ತಿದೆ’ ಎಂದು ಬರೆದು ನೋಡಿ. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವವರ ಸಂತತಿ ಸಾಲಾಗಿ ‘ಓಂ ಶಾಂತಿ’ ಹೇಳಿ ಹೋಗುತ್ತದೆ.

ಸಂದೇಶದ ಮೇಲೆಯೇ ಎಮೋಜಿ ಅಂಟಿಸುವ ಸೌಲಭ್ಯ 2022ರಲ್ಲಿ ಬಂತು. ಅಂಟಿಸಿದರೆ ಇಡೀ ಗುಂಪಿನವರ ಮೊಬೈಲ್ ಕೂಗುವುದಿಲ್ಲ. ಕೂಗದಿದ್ದರೆ ನಾವು ದುಃಖಪಟ್ಟದ್ದು ಊರಿಗೆ ತಿಳಿಯುವುದು ಹೇಗೆ? ಅದಕ್ಕೇ ಸಂತಾಪಕ್ಕೊಂದು ಪ್ರತ್ಯೇಕ ಸಂದೇಶ, ಮನೆಯೊಡತಿಯದ್ದು ಇನ್ನೊಂದು. ಅದೇ ಮನೆಯ ವಿದೇಶದಲ್ಲಿರುವ ಮಗನಿಂದ ಮಧ್ಯರಾತ್ರಿ ಮತ್ತೊಂದು.

ಬೇಸತ್ತ ಅಡ್ಮಿನ್ ಕೊನೆಗೆ ಅಡ್ಮಿನ್ನರು ಮಾತ್ರ ಬರೆಯಬಹುದು ಎಂದು ಬೀಗ ಹಾಕುತ್ತಾರೆ. ಇದು ಪ್ರಜಾಪ್ರಭುತ್ವದ ಕಗ್ಗೊಲೆ ಎಂದು ಗೇಟಿನ ಬಳಿ ಸಭೆ ಸೇರುತ್ತದೆ. ಸಂಜೆಯೊಳಗೆ ‘ನಿವಾಸಿಗಳ ಮುಕ್ತ ವೇದಿಕೆ’ ಎಂಬ ಇನ್ನೊಂದು ಗುಂಪು ಸಿದ್ಧ. ಹಳೆಯದರಲ್ಲಿ ಇದ್ದವರೆಲ್ಲ ಇದರಲ್ಲೂ ಇದ್ದಾರೆ, ಆ ಅಡ್ಮಿನ್ ಸಹಿತ.