ಪಿಡುಗು ಬಂದಾಗ ಕಾಯಿದೆ ಯಾರ ಪರ ನಿಂತಿತ್ತು?

ರೋಗಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇತ್ತೀಚೆಗೆ ಅದರ ಬೆನ್ನಿಗೇ ಇನ್ನೊಂದು ಮಾತೂ ಕೇಳಿಬರುತ್ತಿದೆ: ಹದಿನಾಲ್ಕನೆಯ ಶತಮಾನದ ಮಹಾ ಪ್ಲೇಗು ಯುರೋಪಿನ ಕೂಲಿಕಾರರ ಬದುಕನ್ನು ಹಸನಾಗಿಸಿತಂತೆ. ಇದರಲ್ಲಿ ಸತ್ಯಾಂಶವಿದೆಯಾದರೂ, ಆ ಹಸನಾದ ಬದುಕನ್ನು ತಡೆಯಲು ಆಳುವವರು ಪಟ್ಟ ಪ್ರಯತ್ನವನ್ನು ಈ ಮಾತು ಪೂರ್ತಿ ನುಂಗಿಹಾಕುತ್ತದೆ.

1348ರಲ್ಲಿ ಇಂಗ್ಲೆಂಡನ್ನು ಹೊಕ್ಕ ಪ್ಲೇಗು ಎರಡು ವರ್ಷಗಳೊಳಗೆ ಅಲ್ಲಿನ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹೊಲದಲ್ಲಿ ಬೆಳೆ ಇತ್ತು, ಕೊಯ್ಯುವ ಕೈಗಳಿರಲಿಲ್ಲ. ಬದುಕುಳಿದವರು ಸಹಜವಾಗಿಯೇ ಹೆಚ್ಚು ಕೂಲಿ ಕೇಳಿದರು. ಅದಕ್ಕೆ ಉತ್ತರವಾಗಿ ಬಂದದ್ದು 1349ರ ರಾಜಾಜ್ಞೆ ಮತ್ತು 1351ರ ಕಾಯಿದೆ. ಕೂಲಿ ಪ್ಲೇಗಿಗೆ ಮುಂಚಿನ ದರವನ್ನು ಮೀರಕೂಡದು. ಪೈರು ಕೊಯ್ಯುವವನಿಗೆ ಆಗಸ್ಟ್ ತಿಂಗಳ ಮೊದಲ ವಾರ ದಿನಕ್ಕೆ 2 ಪೆನ್ನಿ, ಎರಡನೆಯ ವಾರ 3 ಪೆನ್ನಿ, ಊಟ ಕೊಡುವಂತಿಲ್ಲ. ಕೂಲಿಕಾರರು ತಮ್ಮ ಹತ್ಯಾರುಗಳನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಪೇಟೆಗೆ ಬರಬೇಕು, ಬಯಲಲ್ಲಿ ನಿಂತು ಕೆಲಸ ಒಪ್ಪಿಕೊಳ್ಳಬೇಕು, ಗುಟ್ಟಾಗಿ ದರ ಕುದುರಿಸಕೂಡದು. ಒಪ್ಪದವರ ಕಾಲಿಗೆ ತೊಡಿಸಲು ಊರೂರಿನಲ್ಲೂ ಕೋಳ ಸಿದ್ಧವಿರಬೇಕೆಂದು ಅದೇ ಕಾಯಿದೆ ವಿಧಿಸಿತು. ಕುಡುಗೋಲು ಹಿಡಿದು ಹಾಗೆ ನಿಂತ ಆ ಮನುಷ್ಯನನ್ನು ನನಗೆ ಮರೆಯಲಾಗುವುದಿಲ್ಲ: ಹೆಂಡತಿ ಮಕ್ಕಳನ್ನು ಮಣ್ಣು ಮಾಡಿ ಬಂದವನಿರಬಹುದು, ಅವನ ದುಡಿಮೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ, ಅದನ್ನು ಬಾಯಿಬಿಟ್ಟು ಕೇಳುವುದೇ ಅಪರಾಧವಾಗಿದೆ.

ಕಾಯಿದೆ ಪೂರ್ತಿ ಗೆಲ್ಲಲಿಲ್ಲ. ಆಳು ಸಿಗದೆ ಕಂಗೆಟ್ಟ ಜಮೀನುದಾರರೇ ಒಳಗೊಳಗೆ ಹೆಚ್ಚು ಕೂಲಿ ಕೊಟ್ಟರು. 1381ರಲ್ಲಿ ತಲೆಗಂದಾಯದ ಹೊರೆಯೂ ಸೇರಿಕೊಂಡಾಗ ರೈತರು ದಂಗೆಯೆದ್ದರು. ಹದಿನಾಲ್ಕು ವರ್ಷದ ದೊರೆ ಎರಡನೆಯ ರಿಚರ್ಡ್ ಅವರನ್ನು ಜೀತದಿಂದ ಬಿಡುಗಡೆ ಮಾಡುವುದಾಗಿ ಬರೆದುಕೊಟ್ಟು, ಕೆಲವೇ ವಾರಗಳಲ್ಲಿ ಅದನ್ನು ಹಿಂತೆಗೆದುಕೊಂಡ. ಆದರೂ ಮುಂದಿನ ತಲೆಮಾರುಗಳಲ್ಲಿ ಅಲ್ಲಿ ಜೀತ ಕ್ರಮೇಣ ಸವೆದುಹೋಯಿತು. ಜರ್ಮನಿಯಲ್ಲಿ ಹರಿಯುವ ಎಲ್ಬೆ ನದಿಯ ಪೂರ್ವಕ್ಕಾದರೋ ಜಮೀನುದಾರರ ಹಿಡಿತ ಬಲವಾಗಿತ್ತು. ನಂತರದ ಶತಮಾನಗಳಲ್ಲಿ ಅಲ್ಲಿ ಜೀತ ಇನ್ನಷ್ಟು ಬಿಗಿಯಾಯಿತು. ದುಡಿಯುವವರ ಸಂಖ್ಯೆ ಕುಗ್ಗಿದ ಮಾತ್ರಕ್ಕೆ ನ್ಯಾಯ ಸಿಗುತ್ತದೆ ಎನ್ನುವವರು ಈ ವ್ಯತ್ಯಾಸಕ್ಕೆ ಕಾರಣ ಹೇಳಬೇಕಾಗುತ್ತದೆ. ಇನ್ನು ಇಂದು ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದಲ್ಲಿ, ಪ್ಲೇಗು ಊರನ್ನು ತಲುಪುವ ಮೊದಲೇ, 1349ರ ಫೆಬ್ರವರಿಯಲ್ಲಿ ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳು ಆರೋಪ ಹೊರಿಸಿ ಯಹೂದಿಗಳನ್ನು ಸುಟ್ಟರು. ಅವರಿಂದ ತಂದಿದ್ದ ಸಾಲಗಳೂ ಅವರೊಂದಿಗೇ ರದ್ದಾದವು.

ಎಲ್ಬೆಯ ದಡದಲ್ಲೇ ಇರುವ ಹ್ಯಾಂಬರ್ಗ್ ನಗರದ 1892ರ ಕಾಲರಾ, ಪಿಡುಗಿನ ಹೊರೆ ಯಾರ ಮೇಲೆ ಬೀಳುತ್ತದೆಂಬುದು ಅಧಿಕಾರ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ ಎಂಬುದನ್ನು ಇನ್ನೂ ನಿಚ್ಚಳವಾಗಿ ತೋರಿಸುತ್ತದೆ. ಅಲ್ಲಿ ಆಡಳಿತ ವ್ಯಾಪಾರಿಗಳ ಮತ್ತು ಮನೆ ಮಾಲೀಕರ ಕೈಯಲ್ಲಿತ್ತು. ದುಡಿಯುವ ಬಹುಪಾಲು ಜನರಿಗೆ ನಗರದ ಆಡಳಿತವನ್ನು ಆರಿಸುವ ಮತವೇ ಇರಲಿಲ್ಲ. ನದಿಯ ನೀರನ್ನು ಸೋಸುವ ವ್ಯವಸ್ಥೆಯನ್ನು ಖರ್ಚಿನ ಜಗಳದಲ್ಲಿ ವರ್ಷಗಟ್ಟಲೆ ಮುಂದೂಡಲಾಗಿತ್ತು. ಪಕ್ಕದ ಆಲ್ಟೋನಾ ಊರು ಅದೇ ನದಿಯಿಂದ, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಕೆಳಹರಿವಿನಿಂದ ನೀರೆತ್ತಿದರೂ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಎರಡೂ ಊರುಗಳ ಗಡಿಯ ಬೀದಿಯಲ್ಲಿ ಹ್ಯಾಂಬರ್ಗಿನ ಬದಿಯ ಮನೆಗಳಿಗೆ ಕಾಲರಾ ನುಗ್ಗಿತು, ಎದುರು ಬದಿಯ ಮನೆಗಳು ಉಳಿದುಕೊಂಡವು. ಹ್ಯಾಂಬರ್ಗಿನಲ್ಲಿ ಸುಮಾರು 8,600 ಮಂದಿ ಸತ್ತರು. ಮರುವರ್ಷವೇ ಸೋಸುವ ಘಟಕ ಶುರುವಾಯಿತು. ಅಷ್ಟು ಬೇಗ ಆಗಬಹುದಾಗಿದ್ದ ಕೆಲಸ ಮೊದಲೇ ಏಕಾಗಲಿಲ್ಲ ಎಂಬ ಪ್ರಶ್ನೆಗೆ ಮತದಾರರ ಪಟ್ಟಿಯಲ್ಲೇ ಉತ್ತರವಿದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ನಮ್ಮ ಕಾಲದಲ್ಲಿ ಆ ನೀರಿನ ಜಾಗಕ್ಕೆ ಔಷಧಿಯ ಪೇಟೆಂಟ್, ಅಂದರೆ ಅದನ್ನು ತಯಾರಿಸಿ ಮಾರುವ ಏಕಸ್ವಾಮ್ಯದ ಹಕ್ಕು, ಬಂದಿದೆ. ಏಡ್ಸ್ ರೋಗಿಯೊಬ್ಬನ ಒಂದು ವರ್ಷದ ಔಷಧಿಗೆ 10,000 ಡಾಲರ್‌ಗೂ ಹೆಚ್ಚು ಬೆಲೆಯಿದ್ದಾಗ, 2001ರಲ್ಲಿ ಭಾರತದ ಔಷಧಿ ಕಂಪನಿ ಸಿಪ್ಲಾ ಅದನ್ನೇ 350 ಡಾಲರ್‌ಗೆ ಕೊಡಲು ಮುಂದೆ ಬಂತು. ನಡುವಿನ ಅಂತರ ಎಷ್ಟು ಜೀವಗಳದ್ದೆಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್‌ನಲ್ಲಿ, ಪೇಟೆಂಟ್ ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಿ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಕೇಳಿಕೊಂಡವು. ನಿರ್ಣಯ ಬಂದದ್ದು 2022ರ ಜೂನ್‌ನಲ್ಲಿ, ಲಸಿಕೆಗೆ ಮಾತ್ರ. ರೋಗ ಪತ್ತೆಯ ಕಿಟ್ಟುಗಳನ್ನೂ ಔಷಧಿಗಳನ್ನೂ ಮುಂದಿನ ಚರ್ಚೆಗೆ ಬಿಡಲಾಯಿತು.