ಕಿವಿ ಹಿಂಡುವ ಮೊದಲು

ನಮ್ಮ ಉತ್ತರ ಕನ್ನಡದಲ್ಲಿ ಶ್ರುತಿ ಮಾಡಿಕೊಳ್ಳುವವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಕುಮಟೆಯಲ್ಲೋ ಹೊನ್ನಾವರದಲ್ಲೋ ಒಂದು ಹಿಂದುಸ್ತಾನಿ ಬೈಠಕ್‌ಗೆ ಹೋಗಿ ನೋಡಿ. ತಂಬೂರಿಯವರು ಬಿರಡೆ ತಿರುಗಿಸುತ್ತಾರೆ. ಆಮೇಲೆ ತಂತಿಯ ಬುಡದಲ್ಲಿರುವ ಮಣಿಯನ್ನು ಇಷ್ಟೇ ಇಷ್ಟು ಸರಿಸುತ್ತಾರೆ. ತಬಲಾದವರು ಸುತ್ತಿಗೆ ಹಿಡಿದು ಟಕ್ ಟಕ್ ಶುರು ಮಾಡುತ್ತಾರೆ. ಕೇಳಲು ಬಂದವರು ಕವಳ ಹಾಕಿಕೊಂಡು ಆರಾಮಾಗಿ ಕೂತಿರುತ್ತಾರೆ. ಮಳೆಗಾಲದ ತಾಳಮದ್ದಲೆಯಲ್ಲಂತೂ ತೇವಕ್ಕೆ ಮದ್ದಲೆಯ ಚರ್ಮ ಇಳಿದುಬಿಡುತ್ತದೆ. ಅದು ಮೇಲೇರುವವರೆಗೆ ಭಾಗವತರೂ ಕಾಯುತ್ತಾರೆ, ನಾವೂ ಕಾಯುತ್ತೇವೆ. ಮದ್ದಲೆಯನ್ನು ಯಾರೂ ಬೈಯುವುದಿಲ್ಲ.

ಅದೇ ಹತ್ತು-ಹನ್ನೆರಡು ಸಾವಿರದ ಎಲೆಕ್ಟ್ರಿಕ್ ಗಿಟಾರ್ ಒಂದು ಹಾಡು ಮುಗಿಯುವುದರೊಳಗೆ ಶ್ರುತಿ ಬಿಟ್ಟಿತು ಅನ್ನಿ. ತಕ್ಷಣ ತೀರ್ಪು ಬರುತ್ತದೆ: "ಅಗ್ಗದ ಮಾಲು, ಕೀ ಸರಿ ಇಲ್ಲ." ಕೀ ಅಂದರೆ ಗಿಟಾರಿನ ತಲೆಯಲ್ಲಿ ತಂತಿ ಬಿಗಿ ಮಾಡುವ ಬಿರಡೆ.

ಶಿರಸಿಯಲ್ಲಿರುವ ನನ್ನ ಅಕ್ಕನ ಮಗ ಹೇಳಿದ್ದೂ ಅದನ್ನೇ. ಆನ್‌ಲೈನಿನಲ್ಲಿ ತರಿಸಿದ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು, ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದಿದ್ದ. "ಮಾವ, ಇದರ ಕೀ ಎಲ್ಲಾ ಬದಲಿಸ್ಬೇಕು. ಹೊಸ ಸೆಟ್ ಹಾಕಿದ್ರೆ ಸರಿ ಆಗ್ತದೆ" ಅಂದ. ಹೊಸ ಸೆಟ್ಟಿನ ಬೆಲೆಯನ್ನೂ ನೋಡಿಟ್ಟುಕೊಂಡಿದ್ದ. ಸಂಗೀತದವರ ಮನೆ ಅಂತ ಅವನು ನನ್ನ ಹತ್ತಿರ ಬಂದದ್ದು. ಮನೆಯಲ್ಲಿ ಮಿರಜಿನ ತಂಬೂರಿ ಇದೆ. ಗಿಟಾರ್ ವಿಷಯದಲ್ಲಿ ಮಾತ್ರ ನನ್ನ ವಿದ್ಯೆಯೆಲ್ಲ ಕಾರವಾರದ ಒಬ್ಬ ಗೆಳೆಯನದು. ಅವನು ಚರ್ಚಿನ ಗಾಯನ ತಂಡದಲ್ಲಿ ಗಿಟಾರ್ ನುಡಿಸುತ್ತಾನೆ. ಗೋವಾ ಪಕ್ಕದಲ್ಲೇ ಇರುವುದರಿಂದ ಕಾರವಾರದಲ್ಲಿ ಗಿಟಾರ್ ಅಪರೂಪದ ವಸ್ತುವೇನಲ್ಲ. ಅವನದೊಂದು ಸಿದ್ಧಾಂತವಿದೆ: ಶ್ರುತಿ ತಪ್ಪಿಸುವವರು ಬೇರೆಯವರು, ಕಿವಿ ಹಿಂಡಿಸಿಕೊಳ್ಳುವುದು ಮಾತ್ರ ಕೀ.

ನೋಡುತ್ತಾ ಹೋದರೆ ಅವನ ಮಾತು ನಿಜ ಅನ್ನಿಸುತ್ತದೆ. ಕೀ ಒಳಗೆ ಸಣ್ಣ ಹಲ್ಲುಚಕ್ರ ಮತ್ತು ತಿರುಪು ಇರುತ್ತದೆ. ಸಾಮಾನ್ಯವಾಗಿ ಗುಂಡಿಯನ್ನು 14 ಸುತ್ತು ತಿರುಗಿಸಿದರೆ ತಂತಿ ಸುತ್ತಿದ ಕಂಬ ಒಂದು ಸುತ್ತು ತಿರುಗುತ್ತದೆ. ಈ ಕಡೆಯಿಂದ ನಾವು ತಿರುಗಿಸಬಹುದು. ಆ ಕಡೆಯಿಂದ ತಂತಿ ಎಳೆದು ಕಂಬವನ್ನು ಹಿಂದಕ್ಕೆ ತಿರುಗಿಸುವುದು ಸುಲಭವಿಲ್ಲ. ಅಗ್ಗದ ಕೀಯೂ ಈ ಕೆಲಸವನ್ನು ಸುಮಾರಾಗಿ ಮಾಡಿಕೊಂಡು ಹೋಗುತ್ತದೆ. ಹಲ್ಲುಗಳ ನಡುವೆ ಒಂಚೂರು ಸಡಿಲ ಇರುತ್ತದೆ ಅಷ್ಟೆ. ಅದಕ್ಕೇ ಸ್ವರ ಮೇಲೆ ಹೋದರೆ ಅಲ್ಲಿಂದಲೇ ಇಳಿಸಿ ನಿಲ್ಲಿಸಬಾರದು. ಪೂರ್ತಿ ಕೆಳಗೆ ತಂದು, ಮತ್ತೆ ಕೆಳಗಿನಿಂದ ಏರಿಸಿ ನಿಲ್ಲಿಸಬೇಕು. ಕೀ ಕೂತ ಜಾಗದ ನಟ್ಟು ಸಡಿಲವಾಗಿದ್ದರೆ ಬಿಗಿ ಮಾಡಬೇಕು. ಹೆಚ್ಚಿನವಕ್ಕೆ ಬೈಕಿನ 10ರ ಸ್ಪ್ಯಾನರ್ ಸಾಕು. ಕೀ ಕಥೆ ಇಲ್ಲಿಗೆ ಮುಗಿಯಿತು.

ಅಕ್ಕನ ಮಗನ ಗಿಟಾರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ತಂತಿ ಸುತ್ತಿದ ರೀತಿ. ಕಂಬಕ್ಕೆ ಎರಡು-ಮೂರು ಸುತ್ತು ಸಾಕು. ಅದೂ ಒಂದರ ಕೆಳಗೊಂದು ಓರಣವಾಗಿ ಇಳಿಯಬೇಕು. ಇಲ್ಲಿ ಒಂದರ ಮೇಲೊಂದು ಹತ್ತಿಕೊಂಡು ಸಣ್ಣ ಗುಡ್ಡೆಯೇ ಆಗಿತ್ತು. ನುಡಿಸಿದಂತೆಲ್ಲ ಆ ಗುಡ್ಡೆ ಒಳಗೊಳಗೇ ಬಿಗಿಯಾಗುತ್ತದೆ, ತಂತಿ ಇಳಿಯುತ್ತದೆ. ಹೊಸ ತಂತಿ ಹಿಗ್ಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ದೊಡ್ಡ ಪಾಲು ಈ ಸುತ್ತುಗಳು ಕೂತುಕೊಳ್ಳುವ ಕೆಲಸವೇ. ಅದನ್ನು ಅದರಷ್ಟಕ್ಕೆ ಬಿಟ್ಟರೆ ವಾರಗಟ್ಟಲೆ ಸತಾಯಿಸುತ್ತದೆ. ಕೈಯಲ್ಲೇ ಮುಗಿಸಬಹುದು. ತಂತಿಯನ್ನು ನಡುವಿನಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಬೇಕು, ಮತ್ತೆ ಶ್ರುತಿ ಮಾಡಬೇಕು, ಮತ್ತೆ ಎಳೆಯಬೇಕು. ಎಳೆದರೂ ಇಳಿಯದೆ ನಿಂತಿತು ಅಂದರೆ ಆಯಿತು. ಹುಡುಗ ತಂತಿ ಎಳೆಯುವಾಗ ನಮ್ಮ ಆಯಿ ಒಳಗಿಂದ ಬಂದು ನೋಡಿದರು. "ಹೊಸಾ ಸಾಮಾನು, ಹರಿಯಡ್ದ್ರೋ" ಅಂದರು.

ಇಷ್ಟಾದ ಮೇಲೂ ಅದು ನಿಲ್ಲಲಿಲ್ಲ. ಜಿ ತಂತಿಯ ಕೀ ತಿರುಗಿಸಿದರೆ ಸ್ವರ ಏರುವುದೇ ಇಲ್ಲ. ಇನ್ನೊಂಚೂರು ತಿರುಗಿಸಿದರೆ "ಟಿಣ್" ಅಂತ ಸದ್ದು ಮಾಡಿ, ಬೇಕಾದ್ದಕ್ಕಿಂತ ಮೇಲೆ ಹಾರಿಬಿಡುತ್ತದೆ. ಈ ಟಿಣ್ ಕೇಳಿದರೆ ನನ್ನ ಕಾರವಾರದ ಗೆಳೆಯನಿಗೆ ಬಹಳ ಖುಷಿ. ಕಳ್ಳ ತಾನಾಗಿ ಬಾಯಿಬಿಟ್ಟ ಅನ್ನುತ್ತಾನೆ. ಕುತ್ತಿಗೆಯ ತುದಿಯಲ್ಲಿ, ಕೀಗಳಿಗಿಂತ ಸ್ವಲ್ಪ ಈಚೆಗೆ, ಒಂದು ಬಿಳಿ ಪಟ್ಟಿ ಇರುತ್ತದೆ. ಅದಕ್ಕೂ ಗಿಟಾರಿನವರು ನಟ್ ಅಂತಲೇ ಅನ್ನುತ್ತಾರೆ. ಅದರ ಆರು ಗೀರುಗಳಲ್ಲಿ ತಂತಿಗಳು ಹಾದು ಹೋಗುತ್ತವೆ. ಗೀರು ಇಕ್ಕಟ್ಟಾಗಿದ್ದರೆ ತಂತಿ ಸಿಕ್ಕಿಕೊಳ್ಳುತ್ತದೆ. ಆಚೆ ಒಂದು ಬಿಗಿ, ಈಚೆ ಇನ್ನೊಂದು ಬಿಗಿ. ಯಾವುದೋ ಹೊತ್ತಿನಲ್ಲಿ ಹಿಡಿತ ಬಿಟ್ಟು ಜಾರುತ್ತದೆ. ಆ ಹೊತ್ತು ಬಹುಪಾಲು ಹಾಡಿನ ಮಧ್ಯವೇ ಆಗಿರುತ್ತದೆ.

ಇದನ್ನು ಪತ್ತೆ ಹಚ್ಚಲು ಒಂದು ಒಳ್ಳೆ ಪರೀಕ್ಷೆ ಇದೆ. ಶ್ರುತಿ ಮಾಡಿದ ತಂತಿಯನ್ನು ಬೆರಳಲ್ಲಿ ಜೋರಾಗಿ ಪಕ್ಕಕ್ಕೆ ಎಳೆದು ಬಿಡಿ. ವಾಪಸ್ ಬಂದಾಗ ಸ್ವರ ಇಳಿದಿದ್ದರೆ, ಆಚೆಯಿಂದ ಜಾರಿ ಬಂದ ತಂತಿ ನಟ್ಟಿನಲ್ಲಿ ಸಿಕ್ಕಿ ಹಿಂದೆ ಹೋಗಿಲ್ಲ ಅಂತ ಅರ್ಥ. ನಟ್ಟಿಗೂ ಕೀಗೂ ನಡುವಿನ ತುಂಡನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಸ್ವರ ಸರಿಹೋದರೆ ಅನುಮಾನವೇ ಬೇಡ. ಇನ್ನು ಬ್ರಿಡ್ಜಿನ (ಗಿಟಾರಿನ ಮೈ ಮೇಲೆ ತಂತಿಗಳ ಇನ್ನೊಂದು ತುದಿ ಕೂರುವ ಭಾಗದ) ಸಲಾಕೆಯನ್ನು ಒತ್ತಿ ಬಿಟ್ಟಾಗ ಸ್ವರ ಏರಿ ಕೂತರೂ ಸಾಧಾರಣವಾಗಿ ಇದೇ ನಟ್ಟಿನ ಕೆಲಸ, ದಿಕ್ಕು ಮಾತ್ರ ಉಲ್ಟಾ. ಪೆನ್ಸಿಲ್ ಚೂಪು ಮಾಡಿ ಗೀರಿನೊಳಗೆ ತಿಕ್ಕಿದರೆ ಸಾಕಷ್ಟು ಸಲ ಅಷ್ಟಕ್ಕೇ ಗುಣವಾಗುತ್ತದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿ ಗ್ರಾಫೈಟ್ ಇದೆ, ಅದು ಜಾರುತ್ತದೆ. ಎಣ್ಣೆ ಹಚ್ಚುವ ಆಸೆ ನಮ್ಮೂರಲ್ಲಿ ಎಲ್ಲರಿಗೂ ಬರುತ್ತದೆ. ಅದು ಬೇಡ, ಧೂಳು ಹಿಡಿಯುತ್ತದೆ. ಪೆನ್ಸಿಲ್ಲಿಗೂ ಬಗ್ಗದಿದ್ದರೆ ನಯವಾದ ಪಾಲಿಶ್ ಪೇಪರ್ ಮಡಚಿ ಗೀರಿನ ಪಕ್ಕಗಳನ್ನು ಉಜ್ಜಬೇಕು. ತಳವನ್ನು ಮುಟ್ಟಬಾರದು. ತಳ ಇಳಿದರೆ ತಂತಿ ಮೊದಲ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗಿ ಝರ್ ಅನ್ನತೊಡಗುತ್ತದೆ. ಆಮೇಲೆ ನಟ್ ಬದಲಿಸುವುದೇ ದಾರಿ.

ಇಷ್ಟು ಸಣ್ಣ ಕೆಲಸವನ್ನು ಕಾರ್ಖಾನೆಯವರೇ ಯಾಕೆ ಮಾಡುವುದಿಲ್ಲ? ಮರ ಕೊರೆಯುವುದು ಈಗ ಕಂಪ್ಯೂಟರ್ ನಡೆಸುವ ಯಂತ್ರದ ಕೆಲಸ. ಅದಕ್ಕೆ ದುಬಾರಿ ಗಿಟಾರೂ ಒಂದೇ, ಅಗ್ಗದ್ದೂ ಒಂದೇ. ನಟ್ಟಿನ ಗೀರು ಉಜ್ಜಲು ಮಾತ್ರ ಒಬ್ಬ ಮನುಷ್ಯ ಗಿಟಾರನ್ನು ತೊಡೆ ಮೇಲಿಟ್ಟುಕೊಂಡು ಕೂರಬೇಕು. ತಂತಿ ಹಾಕಬೇಕು, ಕೇಳಬೇಕು, ತೆಗೆಯಬೇಕು, ಮತ್ತೆ ಉಜ್ಜಬೇಕು. ಬೆಲೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಆ ಮನುಷ್ಯನ ಸಮಯಕ್ಕೆ. ಹಾಗಾಗಿ ನನ್ನ ಪ್ರಕಾರ ಅಗ್ಗದ ಗಿಟಾರ್ ಕೆಟ್ಟ ಗಿಟಾರ್ ಅಲ್ಲ, ಕೆಲಸ ಮುಗಿಯದ ಗಿಟಾರ್. ಉಳಿದ ಕೆಲಸ ಮಾಡಲು ಮನಸ್ಸಿಲ್ಲದವರು ದುಬಾರಿಯದನ್ನೇ ಕೊಳ್ಳಲಿ, ಅದೂ ನ್ಯಾಯವೇ.

ನಿಜವಾದ ತಮಾಷೆ ಇರುವುದು ಬ್ರಿಡ್ಜಿನಲ್ಲಿ. ಅಕ್ಕನ ಮಗನದು ಸ್ಟ್ರಾಟೊಕಾಸ್ಟರ್ ಆಕಾರದ ಗಿಟಾರ್. ಫೆಂಡರ್ ಕಂಪನಿ 1954ರಲ್ಲಿ ಆ ಮಾದರಿಯನ್ನು ಹೊರತಂದಿತು. ಇವತ್ತು ಸಿಗುವ ಅಗ್ಗದ ಗಿಟಾರುಗಳಲ್ಲಿ ಎಷ್ಟೋ ಅದೇ ಆಕಾರದವು. ಅದರ ಬ್ರಿಡ್ಜಿಗೆ ಒಂದು ಸಲಾಕೆ ಇರುತ್ತದೆ. ಸಲಾಕೆ ಒತ್ತಿದರೆ ಬ್ರಿಡ್ಜ್ ಮುಂದಕ್ಕೆ ಬಾಗಿ ಸ್ವರ ಓಲಾಡುತ್ತದೆ. ಗಿಟಾರಿನ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಸ್ಪ್ರಿಂಗುಗಳು ಕಾಣುತ್ತವೆ, ಹೆಚ್ಚಾಗಿ ಮೂರು. ಮುಂದೆ ತಂತಿಗಳು ಎಳೆಯುತ್ತವೆ, ಹಿಂದೆ ಸ್ಪ್ರಿಂಗುಗಳು ಎಳೆಯುತ್ತವೆ. ನಡುವೆ ಬ್ರಿಡ್ಜ್ ತೂಗಾಡುತ್ತದೆ. 9ರಿಂದ 42ರ (ಇದು ಇಂಚಿನ ಸಾವಿರದ ಪಾಲಿನಲ್ಲಿ ತಂತಿಯ ದಪ್ಪ) ತೆಳು ತಂತಿಗಳಾದರೂ ಆರೂ ಸೇರಿದ ಎಳೆತ ಸುಮಾರು 38 ಕಿಲೋ. ನಮ್ಮ ಬೆರಳಿಗೆ ಅದು ಗೊತ್ತಾಗುವುದಿಲ್ಲ ಅಷ್ಟೆ.

ಈಗ ಒಂದು ತಂತಿ ಇಳಿದಿದೆ ಅಂತ ಬಿಗಿ ಮಾಡಿ ನೋಡಿ. ಎಳೆತ ಜಾಸ್ತಿಯಾಗಿ ಬ್ರಿಡ್ಜ್ ಒಂದು ಎಳೆ ಮುಂದಕ್ಕೆ ಬಾಗುತ್ತದೆ. ಉಳಿದ ಐದೂ ತಂತಿ ಸಡಿಲಾಗುತ್ತವೆ. ಎರಡನೆಯದನ್ನು ಸರಿ ಮಾಡಿದರೆ ಮೊದಲನೆಯದು ತಪ್ಪುತ್ತದೆ. ಕೂಡು ಕುಟುಂಬದಲ್ಲಿ ಪಾಲು ಮಾಡಲು ಕೂತ ಹಿರಿಯರ ಪಾಡು ಇದು, ಒಬ್ಬರಿಗೆ ಅಂಗುಲ ಸರಿಸಿದರೆ ಉಳಿದವರೆಲ್ಲ ಎದ್ದು ನಿಲ್ಲುತ್ತಾರೆ. ಆರೂ ತಂತಿಗಳನ್ನು ಸುತ್ತಿ ಸುತ್ತಿ ಶ್ರುತಿ ಮಾಡಿದರೆ ಕೊನೆಗೆ ಒಂದು ರಾಜಿ ಆಗುತ್ತದೆ. ಆದರೆ ಅದಕ್ಕೆ ಹದಿಹರೆಯದವರ ಹತ್ತಿರ ಇಲ್ಲದ ತಾಳ್ಮೆ ಬೇಕು.

ಹುಡುಗ ಆ ಸಲಾಕೆಯನ್ನು ಬಳಸುವುದೇ ಅಪರೂಪ. ಹಾಗಿದ್ದ ಮೇಲೆ ತೂಗಾಟ ಯಾಕೆ? ತಂತಿಗಳನ್ನು ಸ್ವಲ್ಪ ಸಡಿಲ ಮಾಡಿ, ಬೆನ್ನಿನ ಒಳಗೆ ಸ್ಪ್ರಿಂಗುಗಳನ್ನು ಹಿಡಿದಿರುವ ಪಟ್ಟಿಯ ಎರಡೂ ಸ್ಕ್ರೂಗಳನ್ನು ಸರಿಸಮವಾಗಿ ಬಿಗಿ ಮಾಡಿದೆವು. ಆರೂ ತಂತಿ ಶ್ರುತಿಗೆ ಬಂದ ಮೇಲೂ ಬ್ರಿಡ್ಜ್ ಗಿಟಾರಿನ ಮೈಗೆ ಅಂಟಿ ಕೂರುವಷ್ಟು ಬಿಗಿ ಬೇಕು. ಹೀಗೆ ಮಾಡಿದರೆ ಸಲಾಕೆ ಎತ್ತಿ ಸ್ವರ ಏರಿಸುವುದು ಆಗುವುದಿಲ್ಲ, ಒತ್ತಿ ಇಳಿಸಬಹುದು ಅಷ್ಟೆ. ಯಾರಿಗೂ ಅದರಿಂದ ನಷ್ಟವಾಗಲಿಲ್ಲ. ಆ ಸಂಜೆ ಮೊದಲ ಸಲ ಗಿಟಾರ್ ಒಂದು ಹಾಡಿನ ಕೊನೆಯವರೆಗೂ ಶ್ರುತಿಯಲ್ಲಿ ನಿಂತಿತು. ಹೊಸ ಕೀ ಸೆಟ್ಟಿನ ಮಾತನ್ನು ಹುಡುಗ ಮತ್ತೆ ಎತ್ತಲಿಲ್ಲ.

ಶ್ರುತಿ ನೋಡಲು ಅವನ ಹತ್ತಿರ ಮೊಬೈಲ್ ಆ್ಯಪ್ ಇತ್ತು. ಆಷಾಢದ ಮಳೆಯಲ್ಲಿ, ಜಿಂಕ್ ಶೀಟಿನ ಮಾಡಿನ ಕೆಳಗೆ, ಆ ಆ್ಯಪ್ ಕೇಳಿಸಿಕೊಳ್ಳುವುದು ಮಳೆಯನ್ನೇ. ಮುಳ್ಳು ಅತ್ತಿತ್ತ ಕುಣಿಯುತ್ತದೆ. ಕರಾವಳಿಯವರಿಗೆ ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರೇ ಸರಿ. ಅದು ಗಾಳಿಯ ಸದ್ದನ್ನು ನಂಬುವುದಿಲ್ಲ, ಮರದ ಕಂಪನವನ್ನು ಹಿಡಿಯುತ್ತದೆ. ಮಳೆಗಾಲದ ಬೇರೆ ಕಾಟಗಳೂ ಇವೆ. ಬಾಗಿಲು ಉಬ್ಬಿ ಮುಚ್ಚಲಿಕ್ಕಾಗದ ದಿನಗಳಲ್ಲಿ ಗಿಟಾರಿನ ಕುತ್ತಿಗೆಯೂ ತೇವ ಕುಡಿಯುತ್ತದೆ, ಅದೂ ಮರವೇ ಅಲ್ವಾ? ಕುತ್ತಿಗೆ ಒಂಚೂರು ಬಾಗಿದರೂ ಶ್ರುತಿ ಬದಲಾಗುತ್ತದೆ. ತೇವ ಹೀರಿದ ಚಿರೇಕಲ್ಲಿನ ಗೋಡೆಗೆ ಗಿಟಾರ್ ನೇತುಹಾಕುವುದು ಚೆಂದ ಕಾಣಬಹುದು, ಮಳೆಗಾಲದಲ್ಲಿ ಬೇಡ. ಉಪ್ಪುಗಾಳಿ ತಂತಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ತಂತಿ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ, ಅದನ್ನು ಶ್ರುತಿ ಮಾಡಿ ಪ್ರಯೋಜನವೂ ಇಲ್ಲ. ನುಡಿಸಿದ ಮೇಲೆ ಹಳೇ ಪಂಚೆಯ ತುಂಡಿನಲ್ಲಿ ಒರೆಸಿಟ್ಟರೆ ಬಾಳಿಕೆ ಬರುತ್ತದೆ.

ಇನ್ನೊಂದು ದೂರು ಉಳಿದಿತ್ತು. ಖಾಲಿ ತಂತಿ ಸರಿ, ಕುತ್ತಿಗೆಯಲ್ಲಿ ಮೇಲೆ ಹೋದಂತೆ ಅಪಸ್ವರ. ಇದಕ್ಕೆ 12ನೇ ಫ್ರೆಟ್ ಸಾಕ್ಷಿ. ಅದು ತಂತಿಯ ಅರ್ಧ. ಈ ಮಾದರಿಯ ಗಿಟಾರಿನಲ್ಲಿ ಪೂರ್ತಿ ಉದ್ದ ಸುಮಾರು 648 ಮಿಲಿಮೀಟರ್, ಅರ್ಧ 324. ಅಲ್ಲಿ ಒತ್ತಿ ನುಡಿಸಿದರೆ ಖಾಲಿ ತಂತಿಯ ತಾರಸ್ವರವೇ ಬರಬೇಕು. ಮೇಲೆ ಹೋಗಿದ್ದರೆ ಬ್ರಿಡ್ಜಿನ ಮೇಲೆ ಆ ತಂತಿ ಕೂರುವ ಪುಟ್ಟ ಕುದುರೆಯನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ನಿಧಾನದ ಕೆಲಸ, ಕಷ್ಟದ್ದಲ್ಲ.

ಎಲ್ಲ ಆದ ಮೇಲೂ ನನ್ನ ಕಿವಿಗೆ ಏನೋ ಕಿರಿಕಿರಿ. ತಂಬೂರಿ ಕೇಳಿ ಬೆಳೆದವರಿಗೆ ಇದು ತಪ್ಪಿದ್ದಲ್ಲ. ಚೆನ್ನಾಗಿ ಶ್ರುತಿಯಾದ ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿಯಿಂದ ಗಾಂಧಾರ ತಾನಾಗಿ ಹುಟ್ಟುತ್ತದೆ. ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಒಂದು ಸಪ್ತಕವನ್ನು 1200 ಸೆಂಟ್ಸ್ ಅಂತ ಅಳೆದರೆ, ಅದು ಷಡ್ಜದಿಂದ 386 ಸೆಂಟ್ಸ್ ಮೇಲಿರುತ್ತದೆ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದವು, ಅಲ್ಲಿ ಗಾಂಧಾರ ಬರುವುದು 400ಕ್ಕೆ. ಹದಿನಾಲ್ಕು ಸೆಂಟ್ಸ್ ಜಾಸ್ತಿ. ಟ್ಯೂನರ್ ಹಸಿರು ದೀಪ ತೋರಿಸುತ್ತದೆ, ಕಿವಿ ಒಪ್ಪುವುದಿಲ್ಲ. ಕಿವಿಯ ಮಾತು ಕೇಳಿ ಇ ಮೇಜರ್ ಕಾರ್ಡನ್ನು (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇಂಪಾಗಿಸಲು ಅದರ ಗಾಂಧಾರ ನುಡಿಯುವ ಜಿ ತಂತಿ ಇಳಿಸಿದರೆ, ಜಿ ಕಾರ್ಡ್ ನುಡಿಸಿದಾಗ ಕೂಡಲೇ ಕೆಟ್ಟು ಕೂರುತ್ತದೆ. ಎಲ್ಲ ಕಾರ್ಡುಗಳೂ ನಡೆಯಬೇಕಾದರೆ ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಹಾರ್ಮೋನಿಯಂ ಮೇಲೂ ನಮ್ಮವರಿಗೆ ಇದೇ ತಕರಾರು ಇತ್ತು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದಕ್ಕೆ ಬಾಗಿಲನ್ನೇ ಹಾಕಿತ್ತು, ಮತ್ತೆ ತೆರೆಯಲು ದಶಕಗಳೇ ಬೇಕಾದವು. ಅಷ್ಟರಲ್ಲಿ ನಮ್ಮ ಊರುಗಳ ಭಜನೆಯೆಲ್ಲ ಹಾರ್ಮೋನಿಯಂ ಮೇಲೆಯೇ ಸಾಗಿಹೋಗಿತ್ತು.

"ಹಾಗಾದ್ರೆ ಲಕ್ಷ ರೂಪಾಯಿಯ ಗಿಟಾರಲ್ಲೂ ಈ ಹದಿನಾಲ್ಕು ಇರ್ತದಾ ಮಾವ?" ಅಂತ ಹುಡುಗ ಕೇಳಿದ. ಇರುತ್ತದೆ ಅಂದೆ. ಅವನ ಮುಖದಲ್ಲಿ ದೊಡ್ಡ ಸಮಾಧಾನ ಕಂಡಿತು.

ಹೊರಡುವ ಮುಂಚೆ ಇನ್ನೊಂದು ಯೋಜನೆ ಹೇಳಿದ. ಮುಂದಿನ ಸಲ 10ರಿಂದ 46ರ ದಪ್ಪ ತಂತಿ ಹಾಕುತ್ತಾನಂತೆ, ಸದ್ದು ತುಂಬಿ ಬರುತ್ತದಂತೆ. ಹಾಕಲಿ. ಎಳೆತ 46 ಕಿಲೋ ಹತ್ತಿರ ಹೋಗುತ್ತದೆ. ಇಷ್ಟೇ ಸ್ಪ್ರಿಂಗುಗಳು ಈ ಬಿಗಿಯಲ್ಲೇ ಇದ್ದರೆ ಬ್ರಿಡ್ಜ್ ಮತ್ತೆ ಏಳುತ್ತದೆ, ನಟ್ಟಿನ ಗೀರುಗಳು ಮತ್ತೆ ಇಕ್ಕಟ್ಟಾಗುತ್ತವೆ, ಕುದುರೆಗಳನ್ನೂ ಮತ್ತೆ ಸರಿಸಬೇಕು. ಅದನ್ನೆಲ್ಲ ಹೇಳಿ, ಒಂದು ಸ್ಕ್ರೂಡ್ರೈವರನ್ನೂ ಕೊಟ್ಟು, ಶಿರಸಿ ಬಸ್ಸಿಗೆ ಹತ್ತಿಸಿದೆ.